ಹಿನ್ನೆಲೆ ಬರೆದ ತಮ್ಮ

ನಿಮಗೊಂದು ಪ್ರಶ್ನೆ. ಬಸ್ಸು ಬರೋದಕ್ಕೆ ಇನ್ನೂ ಟೈಮ್ ಇದೆಯಲ್ಲ, ಯೋಚನೆ ಮಾಡಿ ಉತ್ತರ ಹೇಳಿ. ಅಜ್ಜಿ ಮನೆಯ ದೇವರ ಗೂಡಿನಲ್ಲೋ, ಊರಿನ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೋ ತಾವರೆ ಹೂವಿನ ಮೇಲೆ ನಿಂತ ಲಕ್ಷ್ಮಿಯ ಹಳೇ ಪಟ ನೋಡಿರ್ತೀರಿ. ನಾಲ್ಕು ಕೈ, ಜರಿ ಸೀರೆ, ಪಕ್ಕದಲ್ಲಿ ಹೂಮಾಲೆ ಎತ್ತಿ ಹಿಡಿದ ಆನೆ. ಸರಿ, ಆ ಲಕ್ಷ್ಮಿಯ ಹಿಂದೆ ಏನಿದೆ?

ಹೊಳೀತಿಲ್ಲ ಅಲ್ವಾ? ಪರವಾಗಿಲ್ಲ. ದಿನಾ ಊದುಬತ್ತಿ ಹಚ್ಚಿ ಕೈಮುಗಿಯೋ ಅಂಗಡಿ ಯಜಮಾನನಿಗೂ ಹೊಳೆಯೋಲ್ಲ. ಹಿಂದೆ ನೀರಿದೆ ಸ್ವಾಮಿ, ಮರ ಇದೆ, ಅದರ ಹಿಂದೆ ಮಬ್ಬು ಮಬ್ಬಾದ ಆಕಾಶ ಇದೆ. ಅದನ್ನೂ ಯಾರೋ ಕೂತು ಬರೆಯಬೇಕಾಯ್ತು. ಅದಕ್ಕೂ ಒಂದು ಕೈ ಸವೆದಿದೆ.

ಈ ಪ್ರಶ್ನೆ ಇಟ್ಟುಕೊಂಡು ಹೋದ ತಿಂಗಳು ಬೆಂಗಳೂರಿನ ಒಂದು ಪುಸ್ತಕದ ಅಂಗಡಿಗೆ ಹೋಗಿದ್ದೆ. ರಾಜಾ ರವಿವರ್ಮನ ಹೊಸ ಜೀವನ ಚರಿತ್ರೆ ಬಂದಿದೆ, ಬರೆದವರೇ ಬಂದು ಮಾತಾಡ್ತಾರೆ, ಪ್ರವೇಶ ಉಚಿತ ಅಂತ ಗಾಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಅಂಗಡಿ ಹೆಸರು, ಲೇಖಕಿ ಹೆಸರು ಇಲ್ಲಿ ಹಾಕೋಲ್ಲ. ನಾನು ಪುಸ್ತಕದ ವಿಮರ್ಶಕನಲ್ಲ, ಜಾಹೀರಾತು ಏಜೆಂಟನೂ ಅಲ್ಲ. ನಮ್ಮ ಪತ್ರಿಕೆ ಓದೋ ಹುಡುಗರಿಗೆ ರವಿವರ್ಮನ ಸುದ್ದಿ ಯಾಕೆ ಅಂತೀರಾ? ಸ್ವಲ್ಪ ತಾಳಿ. ಇವನಿಲ್ಲದೆ ನಿಮ್ಮ ಪೌರಾಣಿಕ ಪಿಕ್ಚರುಗಳೇ ಬೇರೆ ಥರ ಇರ್ತಿದ್ದವು.

ಮೂವತ್ತು ಮಡಿಸೋ ಕುರ್ಚಿ, ಸುತ್ತ ಪುಸ್ತಕದ ಗೋಡೆ. ಬಂದವರಲ್ಲಿ ಅರ್ಧ ಜನ ರಿಟೈರಾದವರು, ಇನ್ನರ್ಧ ಕಾಲೇಜು ಹುಡುಗಿಯರು. ಕೈಗೆಲ್ಲ ಪೇಂಟ್ ಕಲೆ ಇದ್ದವನು ನಾನೊಬ್ಬನೇ. ಬೋರ್ಡು ಬರೆಯೋ ಕೆಲಸ ಮುಗಿಸಿ ನೇರವಾಗಿ ಬಂದಿದ್ದೆ. ಕೊನೇ ಸಾಲಿನಲ್ಲಿ ಕೂತೆ. ಸೆಕೆಂಡ್ ಕ್ಲಾಸ್ ಅಭ್ಯಾಸ ನೋಡಿ, ಬಾಲ್ಕನಿ ಸಿಕ್ಕಿದರೆ ಬಿಡ್ತೀನಾ!

ಲೇಖಕಿ ಮಾತು ಶುರುಮಾಡಿದರು. ಇಂಗ್ಲಿಷು, ನಡುನಡುವೆ ಕನ್ನಡ. ಆದರೆ ಕಥೆ ಇತ್ತಲ್ಲ, ಅದು ಯಾವ ಭಾಷೆಯಲ್ಲಿ ಹೇಳಿದರೂ ನೂರು ದಿನ ಓಡೋ ಕಥೆ.

1848ರಲ್ಲಿ ತಿರುವಾಂಕೂರು ಸೀಮೆಯ ಕಿಳಿಮಾನೂರಿನಲ್ಲಿ ಹುಟ್ಟಿದ ಹುಡುಗ. ಹದಿನಾಲ್ಕನೇ ವಯಸ್ಸಿಗೆ, ಸೋದರಮಾವ ಕೈಹಿಡಿದು ತಿರುವನಂತಪುರದ ಅರಮನೆಗೆ ಕರ್ಕೊಂಡು ಹೋದ. ಹುಡುಗನಿಗೆ ಎಣ್ಣೆಬಣ್ಣದ ಕೆಲಸ ಕಲೀಬೇಕು ಅಂತ ಹಠ. ಅಲ್ಲೊಬ್ಬ ಆಸ್ಥಾನ ಚಿತ್ರಕಾರ, ರಾಮಸ್ವಾಮಿ ನಾಯ್ಕರ್ ಅಂತ. ಎಣ್ಣೆಬಣ್ಣ ಬಲ್ಲವನು, ಆದರೆ ಗುಟ್ಟು ಬಿಟ್ಟುಕೊಡೋನಲ್ಲ. ಹುಡುಗನಿಗೆ ಹೇಳಿಕೊಡೋಲ್ಲ ಅಂದುಬಿಟ್ಟ. ಆತನ ಶಿಷ್ಯನೊಬ್ಬ ರಾತ್ರಿ ಹೊತ್ತು ಕದ್ದು ಬಂದು ಒಂದಿಷ್ಟು ಹೇಳಿಕೊಟ್ಟ ಅಂತಾರೆ. 1868ರಲ್ಲಿ ಥಿಯೊಡೋರ್ ಜೆನ್ಸನ್ ಅನ್ನೋ ಪರದೇಶದ ಚಿತ್ರಕಾರ ಮಹಾರಾಜರ ಚಿತ್ರ ಬರೆಯೋಕೆ ಬಂದ. ಅವನೂ ಪಾಠ ಮಾಡೋಲ್ಲ ಅಂದ. ಬೇಕಾದರೆ ನಾನು ಬರೆಯೋದನ್ನ ನಿಂತು ನೋಡಬಹುದು ಅಂದ. ಹುಡುಗ ನಿಂತು ನೋಡಿದ. ಅಷ್ಟೇ ಟ್ರೈನಿಂಗು! ಐದು ವರ್ಷ ಕಳೆದು 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ, ಮುಡಿಗೆ ಮಲ್ಲಿಗೆ ಮುಡಿಯೋ ನಾಯರ್ ಹೆಣ್ಣಿನ ಚಿತ್ರಕ್ಕೆ ಚಿನ್ನದ ಪದಕ. ಅದೇ ವರ್ಷ ವಿಯೆನ್ನಾದಲ್ಲೂ ಬಹುಮಾನ. ಇಂಟರ್‌ವಲ್‌ಗೆ ಮುಂಚೆ ಇಷ್ಟು ಸಾಲದೇ?

ಇಂಟರ್‌ವಲ್ ಆದ ಮೇಲೆ ಬರೋದು ಬರೋಡ. ಅಲ್ಲಿನ ಗಾಯಕ್ವಾಡ ಮಹಾರಾಜರು ಹೊಸ ಅರಮನೆಗೆ ಹದಿನಾಲ್ಕು ಪುರಾಣ ಚಿತ್ರ ಬೇಕು ಅಂದರು. ರಾಮ, ಸೀತೆ, ನಳ, ದಮಯಂತಿ, ಕೃಷ್ಣ... ಆದರೆ ಸೀತೆ ಉಟ್ಟಿದ್ದು ಏನು? ದಮಯಂತಿ ಸೆರಗು ಯಾವ ಕಡೆಗೆ? ಯಾರಿಗೆ ಗೊತ್ತು! ರವಿವರ್ಮ ರೈಲು ಹತ್ತಿ ಉತ್ತರದ ಕಡೆಯ ಊರೂರು ಸುತ್ತಿದ. ಜನ ಹೇಗೆ ಉಡ್ತಾರೆ, ಒಡವೆ ಹೇಗೆ, ಮನೆ ಹೇಗೆ ಅಂತ ನೋಡಿದ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲೊಕೇಷನ್ ಹುಡುಕಾಟ, ಕಾಸ್ಟ್ಯೂಮ್ ಹುಡುಕಾಟ. ಕೊನೆಗೆ ದೇವಿಯರಿಗೆ ಸೀರೆ ಉಡಿಸಿದ. ಇವತ್ತು ನಾವು ದೇವಿ ಅಂದ ತಕ್ಷಣ ಕಣ್ಣ ಮುಂದೆ ತಂದುಕೊಳ್ಳೋ ರೂಪ ಬಹುಪಾಲು ಅಲ್ಲಿಂದ ಇಳಿದು ಬಂದದ್ದು.

ಆಮೇಲೆ ಪ್ರೆಸ್ಸು. 1894ರಲ್ಲಿ ಬೊಂಬಾಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ. ಇದರ ಕೆಲಸ ಕೇಳಿ, ಮಜಾ ಇದೆ. ನುಣ್ಣಗೆ ಉಜ್ಜಿದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೀತಾರೆ. ನೀರು ಸವರಿದರೆ ಖಾಲಿ ಜಾಗ ನೀರು ಹಿಡಿಯುತ್ತೆ, ಜಿಡ್ಡಿದ್ದ ಜಾಗ ಶಾಯಿ ಹಿಡಿಯುತ್ತೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಕೆಂಪಿಗೆ ಒಂದು, ಹಳದಿಗೆ ಒಂದು, ಮೈಬಣ್ಣಕ್ಕೆ ಎರಡೋ ಮೂರೋ. ಒಂದೇ ಹಾಳೆ ಇಷ್ಟೂ ಕಲ್ಲುಗಳ ಕೆಳಗೆ ಹೋಗಿ ಬರಬೇಕು, ಒಂದು ಕೂದಲೆಳೆ ಆಚೀಚೆ ಆದರೆ ಲಕ್ಷ್ಮಿಗೆ ಎರಡು ಮೂಗು! ಜರ್ಮನಿಯ ಕೆಲಸಗಾರರನ್ನ ಕರೆಸಿದ್ದರು. ಆ ತನಕ ರಾಜರ ಗೋಡೆ ಮೇಲಿದ್ದ ಚಿತ್ರ ಜವಾನನ ಗೋಡೆಗೂ ಬಂತು, ದೇವಸ್ಥಾನದ ಒಳಗೆ ಬಿಡದೆ ಇದ್ದವರ ಗುಡಿಸಲಿಗೂ ದೇವರು ಬಂದ. ಹೆಸರು ಬಂತು, ದುಡ್ಡು ಮಾತ್ರ ಬರಲಿಲ್ಲ. ಬೊಂಬಾಯಿಗೆ 1896ರಲ್ಲಿ ಪ್ಲೇಗು ಬಡಿಯಿತು. ಪ್ರೆಸ್ಸನ್ನ ಲೋಣಾವಳದ ಹತ್ತಿರದ ಮಳವಳಿ ಅನ್ನೋ ಊರಿಗೆ ಎತ್ತಿಕೊಂಡು ಹೋದರು (ನಮ್ಮ ಮಂಡ್ಯ ಜಿಲ್ಲೆಯದ್ದಲ್ಲ, ಅದು ಬೇರೆ). ಸಾಲ ತಲೆಮೇಲೆ ಬಂದು ಕೊನೆಗೆ ಫ್ರಿಟ್ಜ್ ಶ್ಲೈಶರ್ ಅನ್ನೋ ಜರ್ಮನ್ ಕೆಲಸಗಾರನಿಗೇ ಮಾರಿದರು. ನಿರ್ಮಾಪಕರ ಪಾಡು ಅಂದಿಗೂ ಅಷ್ಟೇ!

ಈಗ ನೋಡಿ, ನಮ್ಮ ಕಥೆಗೆ ಬಂದೆವು. ಲೋಣಾವಳದಲ್ಲಿ ಒಬ್ಬ ಗಡ್ಡಧಾರಿ ಬ್ರಾಹ್ಮಣ ಸಣ್ಣ ಮುದ್ರಣದ ಕಾರ್ಖಾನೆ ಇಟ್ಟುಕೊಂಡಿದ್ದ, ರವಿವರ್ಮ ಪ್ರೆಸ್ಸಿಗೆ ಚಿತ್ರ ಇಳಿಸಿಕೊಡೋ ಕೆಲಸ ಮಾಡ್ತಿದ್ದ. ಅವನ ಹೆಸರು ಧುಂಡಿರಾಜ ಗೋವಿಂದ ಫಾಲ್ಕೆ! ಹೌದು, ನಮ್ಮ ದಾದಾಸಾಹೇಬ್ ಫಾಲ್ಕೆ. 1913ರ ಮೇ 3ರಂದು ಬೊಂಬಾಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ 'ರಾಜಾ ಹರಿಶ್ಚಂದ್ರ' ತೆರೆಗೆ ಬಂತಲ್ಲ, ಅದರ ಮೊದಲ ದೃಶ್ಯ ನೋಡಿ. ರಾಜ, ರಾಣಿ, ಮಗ ನಿಂತಿರೋ ಭಂಗಿ ರವಿವರ್ಮನ ಪಟದಿಂದ ಎದ್ದು ಬಂದ ಹಾಗಿದೆ. ಆ ರಾಣಿ ತಾರಾಮತಿ ಹೆಂಗಸಲ್ಲ, ಹೋಟೆಲಿನಲ್ಲಿ ಅಡಿಗೆ ಕೆಲಸ ಮಾಡ್ತಿದ್ದ ಸಾಳುಂಕೆ ಅನ್ನೋ ಹುಡುಗ ಅನ್ನೋದು ಬೇರೆ ಮಾತು. ಅಲ್ಲಿಂದ ಶುರುವಾದದ್ದು 1965ರ ನಮ್ಮ 'ಸತ್ಯ ಹರಿಶ್ಚಂದ್ರ', 1977ರ 'ಬಭ್ರುವಾಹನ', 1983ರ 'ಭಕ್ತ ಪ್ರಹ್ಲಾದ'ದ ತನಕ ಬಂತು. ಆ ಕಿರೀಟ, ಆ ಕಂಬ, ಆ ಪರದೆ, ಅರಮನೆಯ ಮೆಟ್ಟಿಲು... ನಮ್ಮ ಕಲಾನಿರ್ದೇಶಕರು ಗೊತ್ತಿದ್ದೋ ಗೊತ್ತಿಲ್ಲದೆಯೋ ಆ ಪಟಗಳ ಋಣದಲ್ಲೇ ಇದ್ದರು.

ಲೇಖಕಿ ಮಾತು ಮುಗಿಸಿ ನೀರು ಕುಡಿದರು. ಪ್ರಶ್ನೆ ಇದ್ದವರು ಕೇಳಬಹುದು ಅಂದರು. ಮೊದಲು ಎದ್ದ ಹುಡುಗಿ ಕೇಳಿದ್ದು ಸಿನಿಮಾ ಬಗ್ಗೆ. ಕೇತನ್ ಮೆಹ್ತಾ ಅವರ 'ರಂಗ್ ರಸಿಯಾ' ಇದೆಯಲ್ಲ, 2008ರಲ್ಲಿ ಸಿದ್ಧವಾಗಿ ಥಿಯೇಟರಿಗೆ ಬಂದದ್ದು 2014ರಲ್ಲಿ. ರಣದೀಪ್ ಹೂಡಾ ರವಿವರ್ಮ, ನಂದನಾ ಸೇನ್ ರೂಪದರ್ಶಿ ಸುಗಂಧಾ. ಅದರಲ್ಲಿರೋ ಪ್ರೇಮ ಎಲ್ಲ ನಿಜಾನಾ ಅಂತ ಅವಳ ಪ್ರಶ್ನೆ. ಲೇಖಕಿ ನಕ್ಕರು. ಸಿನಿಮಾಕ್ಕೆ ಹೀರೋಯಿನ್ ಬೇಕಲ್ಲ ಅಂದರು. ಮಲಯಾಳದಲ್ಲೂ 2011ರಲ್ಲಿ 'ಮಕರಮಂಜು' ಅಂತ ಬಂದಿತ್ತು, ಲೆನಿನ್ ರಾಜೇಂದ್ರನ್ ಅವರದ್ದು. ಅದರಲ್ಲಿ ರವಿವರ್ಮನ ಪಾತ್ರ ಮಾಡಿದವರು ಯಾರು ಗೊತ್ತಾ? ಛಾಯಾಗ್ರಾಹಕ ಸಂತೋಷ್ ಶಿವನ್! ಕ್ಯಾಮರಾ ಹಿಂದೆ ಇರೋರನ್ನ ಮುಂದಕ್ಕೆ ತಂದು ನಿಲ್ಲಿಸಿದ್ದು ನನಗಂತೂ ಖುಷಿ.

ಆಮೇಲೆ ನಾನು ಎದ್ದೆ. ಕನ್ನಡದಲ್ಲೇ ಕೇಳಿದೆ. "ಮೇಡಂ, ಮುಖ ರವಿವರ್ಮ ಬರೆದರು. ಸರಿ. ಹಿಂದಿನ ಗುಡ್ಡ, ಮರ, ನೀರು, ಆಕಾಶ ಬರೆದವರು ಯಾರು?"

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ, ಈ ಪ್ರಶ್ನೆಗೆ ಕಾಯ್ತಿದ್ದವರ ಹಾಗೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ತಮ್ಮ" ಅಂದರು.

ಸಿ. ರಾಜರಾಜವರ್ಮ. ಅಣ್ಣನಿಗಿಂತ ಹನ್ನೆರಡು ವರ್ಷ ಚಿಕ್ಕವನು, 1860ರಲ್ಲಿ ಹುಟ್ಟಿದವನು. ಅಣ್ಣ ಹೋದ ಕಡೆಯೆಲ್ಲ ಜೊತೆಗೆ ಹೋದವನು. ಬರೋಡ, ಬೊಂಬಾಯಿ, ಹೈದರಾಬಾದು, ನಮ್ಮ ಮೈಸೂರು. ಇಂಗ್ಲಿಷಿನ ಪತ್ರ ವ್ಯವಹಾರ ಅವನದ್ದು, ಪ್ರೆಸ್ಸಿನ ತಾಪತ್ರಯದಲ್ಲಿ ಪಾಲು ಅವನದ್ದು. ಕುಂಚ ಹಿಡಿದರೆ ನಿಸರ್ಗದ ಚಿತ್ರದಲ್ಲಿ ಅವನದ್ದೇ ಹದ. ಅಣ್ಣನ ಎಷ್ಟೋ ಚಿತ್ರಗಳ ಹಿಂದಿನ ದೃಶ್ಯ ಬರೆದದ್ದು ಅವನು. ತನ್ನದೇ ಚಿತ್ರಗಳನ್ನೂ ಬರೆದು ಪ್ರದರ್ಶನಕ್ಕೆ ಕಳಿಸ್ತಿದ್ದ. 1895ರಿಂದ 1904ರ ತನಕ ಇಂಗ್ಲಿಷಿನಲ್ಲಿ ಡೈರಿ ಬರೆದಿಟ್ಟ. ಯಾವ ಊರಿಗೆ ರೈಲು ಹತ್ತಿದ್ದು, ಯಾವ ರಾಜರು ಕೂತು ಬರೆಸಿಕೊಂಡದ್ದು, ಯಾವ ನಾಟಕಕ್ಕೆ ಹೋಗಿದ್ದು, ಎಲ್ಲ. ಆ ಡೈರಿ ಅಚ್ಚಾಗಿ ಬಂದದ್ದು 2005ರಲ್ಲಿ, ಅವನು ಸತ್ತು ಸರಿಯಾಗಿ ನೂರು ವರ್ಷಕ್ಕೆ. ರವಿವರ್ಮನ ಬಗ್ಗೆ ಇವತ್ತು ಯಾರು ಪುಸ್ತಕ ಬರೆದರೂ ಈ ತಮ್ಮನ ಡೈರಿ ಬಿಟ್ಟು ಬರೆಯೋಕಾಗೋಲ್ಲ. ಅಂದರೆ ನೋಡಿ, ಚಿತ್ರದಲ್ಲೂ ಹಿನ್ನೆಲೆ ಅವನದ್ದೇ, ಚರಿತ್ರೆಯಲ್ಲೂ ಹಿನ್ನೆಲೆ ಅವನದ್ದೇ! ತಂಗಿ ಮಂಗಳಾಬಾಯಿ ಅಂತ ಒಬ್ಬರಿದ್ದರು, ಅವರೂ ಚಿತ್ರ ಬರೀತಿದ್ದರು, ಅಣ್ಣನ ಮುಖವನ್ನೇ ಬರೆದಿದ್ದಾರೆ. ಅವರ ಹೆಸರನ್ನ ಆವತ್ತು ನಾನು ಮೊದಲ ಸಲ ಕೇಳಿದ್ದು.

ಯಾವ ಚಿತ್ರದಲ್ಲಿ ಎಷ್ಟು ಪಾಲು ತಮ್ಮನದು ಅಂತ ಸ್ಕೇಲು ಇಟ್ಟು ಅಳೆಯೋಕಾಗೋಲ್ಲ ಅಂದರು ಲೇಖಕಿ. ಸಹಿ ಇರೋದು ಅಣ್ಣನದು.

ಅಷ್ಟು ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಕೈ ಎತ್ತಿದರು. ಬಿಳೀ ಜುಬ್ಬ, ಚಿನ್ನದ ಚೌಕಟ್ಟಿನ ಕನ್ನಡಕ. ಸಹಾಯಕರು ಎಲ್ಲ ಕಲಾವಿದರಿಗೂ ಇರ್ತಾರೆ, ಅದನ್ನ ದೊಡ್ಡದು ಮಾಡಬಾರದು, ಹಿಂದೆ ನಾಲ್ಕು ಮರ ಬರೆದ ಮಾತ್ರಕ್ಕೆ ಪಾಲು ಕೇಳಿದರೆ ನಾಳೆ ಬಣ್ಣ ಅರೆದವನೂ ಪಾಲು ಕೇಳ್ತಾನೆ ಅಂದರು. ಎರಡು ಮೂರು ಜನ ನಕ್ಕರು.

ನನಗೆ ನಗು ಬರಲಿಲ್ಲ. ಯಾಕೆಂದರೆ ನಾನು ಬಣ್ಣ ಅರೆದವನು.

1981ರಲ್ಲಿ, ಹದಿನೈದನೇ ವಯಸ್ಸಿಗೆ, ಸಿನಿಮಾ ಬ್ಯಾನರು ಬರೆಯೋ ಕಡೆ ಸೇರಿದೆ. ಮೆಜೆಸ್ಟಿಕ್ಕಿನ ರಸ್ತೆಯಲ್ಲಿ ಐವತ್ತು ಅಡಿ, ಅರವತ್ತು ಅಡಿ ಕಟೌಟುಗಳು ಕುತ್ತಿಗೆ ನೋಯೋ ಹಾಗೆ ನಿಲ್ತಿದ್ದ ಕಾಲ. ಈಗಿನ ಹುಡುಗರಿಗೆ ಹೇಳ್ತೀನಿ ಕೇಳಿ, ಅದು ಕಂಪ್ಯೂಟರಿನಲ್ಲಿ ಒತ್ತಿ ಈಚೆ ಬರ್ತಿದ್ದ ಮಾಲಲ್ಲ. ಮೊದಲು ಬಟ್ಟೆಗೆ ಸೀಮೆಸುಣ್ಣ, ಗೋಂದು ಕಲಸಿ ಬಳಿದು ಒಣಗಿಸಬೇಕು. ನಿರ್ಮಾಪಕರ ಕಡೆಯಿಂದ ಬಂದ ಅಂಗೈ ಅಗಲದ ಸ್ಟಿಲ್ ಮೇಲೆ ಪೆನ್ಸಿಲಿನಲ್ಲಿ ಚೌಕ ಚೌಕ ಗೆರೆ. ಬಟ್ಟೆ ಮೇಲೆ ಅಷ್ಟೇ ಚೌಕ, ದೊಡ್ಡದಾಗಿ, ಇದ್ದಲಿನಲ್ಲಿ. ಸ್ಟಿಲ್ಲಿನ ಮೂರನೇ ಚೌಕದಲ್ಲಿ ಹುಬ್ಬು ಮುಗಿದರೆ ಬಟ್ಟೆಯ ಮೂರನೇ ಚೌಕದಲ್ಲೂ ಮುಗೀಬೇಕು. ಪುಡಿ ಬಣ್ಣಕ್ಕೆ ಅಗಸೆ ಎಣ್ಣೆ ಹಾಕಿ ಅರೆಯೋದು ನನ್ನಂಥ ಹುಡುಗರ ಕೆಲಸ. ಬೆಳಿಗ್ಗೆ ಶುರುಮಾಡಿದರೆ ಮಧ್ಯಾಹ್ನಕ್ಕೆ ಭುಜ ಬಿದ್ದು ಹೋಗೋದು.

ಮೇಷ್ಟ್ರು ಮುಖ ಮಾತ್ರ ಬರೀತಿದ್ದರು. ಅದು ನಿಜವಾಗಲೂ ದೊಡ್ಡ ವಿದ್ಯೆ, ಸುಳ್ಳು ಹೇಳಬಾರದು. ಕಣ್ಣಿನ ಕೆಳಗೆ ಒಂದು ನೀಲಿ ಎಳೆ, ಕೆನ್ನೆ ಮೇಲೆ ಒಂದು ಕಿತ್ತಳೆ ಎಳೆ. ಹತ್ತಿರದಿಂದ ನೋಡಿದರೆ ಯಾರೋ ಬಣ್ಣ ಚೆಲ್ಲಿದ ಹಾಗೆ, ರಸ್ತೆ ಆಚೆಯಿಂದ ನೋಡಿದರೆ ವಿಷ್ಣುವರ್ಧನ್ ನಿಮ್ಮನ್ನೇ ದಿಟ್ಟಿಸ್ತಿದ್ದಾರೆ! ಎರಡನೇ ದರ್ಜೆಯವರು ಬಟ್ಟೆಬರೆ, ಕೈಕಾಲು ಬರೀತಿದ್ದರು. ಬೆಂಕಿ, ಹೊಗೆ, ಗುಡ್ಡ, ಮೋಡ, ಓಡೋ ಕುದುರೆಯ ದೂಳು, ಇದೆಲ್ಲ ನಮ್ಮ ಪಾಲು. ಮೂಲೆಯಲ್ಲಿ ಬೀಳ್ತಿದ್ದದ್ದು ಕಂಪನಿ ಹೆಸರು. ಒಂದು ಸಲ ಒಂದು ಮೋಡ ನಾನು ಎಷ್ಟು ಚೆನ್ನಾಗಿ ಬರೆದಿದ್ದೆ ಅಂದರೆ, ಥಿಯೇಟರ್ ಎದುರಿನ ಕಬ್ಬಿನ ಹಾಲಿನ ಗಾಡಿಯವನು "ಈ ಸಲ ಮಳೆ ಗ್ಯಾರಂಟಿ" ಅಂದ. ಅದೇ ನನಗೆ ಸಿಕ್ಕಿದ ಪ್ರಶಸ್ತಿ. ನೂರು ದಿನ ಆದ ಮೇಲೆ ಆ ಬಟ್ಟೆಗೆ ಮತ್ತೆ ಸುಣ್ಣ ಬಳಿದು ಅದರ ಮೇಲೇ ಬೇರೆ ಪಿಕ್ಚರ್ ಬರೆದೆವು. ನನ್ನ ಮೋಡ ಒಳಗೇ ಇದೆ!

ಎಂ.ಎಫ್. ಹುಸೇನ್ ಸಹ ಬೊಂಬಾಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದವರು. ಅವರ ಹೆಸರು ಉಳೀತು, ಯಾಕೆಂದರೆ ಆಮೇಲೆ ಅವರು ಅವರ ಚಿತ್ರ ಬರೆದರು. ಆಗಿನ ಹೋರ್ಡಿಂಗುಗಳು ಉಳೀಲಿಲ್ಲ.

ಫ್ಲೆಕ್ಸು ಬಂದದ್ದೇ ತಡ, ನಮ್ಮ ಕೆಲಸ ನಿಂತಿತು. ಒಂದು ರಾತ್ರಿಯಲ್ಲಿ ಇಪ್ಪತ್ತು ಬ್ಯಾನರು ಅಚ್ಚಾದರೆ ಹತ್ತು ದಿನ ಒಂದು ಮುಖಕ್ಕೆ ಕಾಯೋರು ಯಾರು? 2018ರಲ್ಲಿ ಹೈಕೋರ್ಟು ಗದರಿಸಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸ್ ನಿಷೇಧ ಆಯ್ತು. ಆವತ್ತು ಹಳೇ ಗೆಳೆಯರು ಫೋನ್ ಮಾಡಿ, ಇನ್ನು ನಮ್ಮನ್ನ ಕರೀತಾರೆ ಕಣೋ ಅಂದರು. ಯಾರೂ ಕರೀಲಿಲ್ಲ. ಅಷ್ಟರಲ್ಲಿ ಬ್ಯಾನರು ನೇತುಹಾಕೋ ಥಿಯೇಟರುಗಳೇ ಒಂದೊಂದಾಗಿ ಹೋಗ್ತಿದ್ದವು. ಅಷ್ಟು ದೊಡ್ಡ ಕಪಾಲಿ 2017ರಲ್ಲೇ ನೆಲಸಮ. ನಾನೀಗ ಅಂಗಡಿ ಬೋರ್ಡು, ಲಾರಿ ಹಿಂದೆ ಅಕ್ಷರ ಬರೀತೀನಿ. ಹೊಟ್ಟೆಗೇನೂ ಮೋಸ ಇಲ್ಲ.

ಹಾಗಾಗಿ ಆ ಜುಬ್ಬದ ಹಿರಿಯರಿಗೆ ಉತ್ತರ ಹೇಳೋಕೆ ನನ್ನ ಹತ್ತಿರ ಮಾತಿತ್ತು. ಹೇಳಿದೆ ಕೂಡ. "ಸಾರ್, ನೀವು ಡಾಕ್ಟರ್ ರಾಜ್ ಪಿಕ್ಚರ್ ನೋಡಿದ್ದೀರಾ?" ಅಂದೆ. ಕೇಳಬೇಕಾ ಅಂದರು. "1974ರ 'ಸಂಪತ್ತಿಗೆ ಸವಾಲ್' ಬರೋಕೆ ಮುಂಚೆ ಅವರ ಹಾಡುಗಳು ಹೆಚ್ಚಾಗಿ ಯಾರ ಕಂಠದಲ್ಲಿದ್ದವು?" ಪಿ.ಬಿ. ಶ್ರೀನಿವಾಸ್ ಅಂದರು, ತಕ್ಷಣ. "ಆ ಹೆಸರು ನಿಮಗೆ ಹೇಗೆ ಗೊತ್ತು ಸಾರ್? ತೆರೆ ಮೇಲೆ ಅವರು ಕಾಣಿಸೋಲ್ಲವಲ್ಲ?"

ಅವರು ಸುಮ್ಮನಾದರು. ಕಾಲೇಜು ಹುಡುಗಿಯರು ಚಪ್ಪಾಳೆ ಹೊಡೆದರು. ನನಗೆ ಮುಜುಗರ ಆಯ್ತು, ಕೂತುಬಿಟ್ಟೆ.

ಆದರೆ ಮಾತು ನಿಜ ಅಲ್ವಾ? ನಮ್ಮ ಸಿನಿಮಾದವರು ಪುಸ್ತಕದವರಿಗಿಂತ ಎಷ್ಟೋ ಮೇಲು ಕಣ್ರೀ. ಟೈಟಲ್ ಕಾರ್ಡು ಅಂತ ಒಂದಿದೆ. ಹಿನ್ನೆಲೆ ಗಾಯಕರು ಅಂತ ದಪ್ಪ ಅಕ್ಷರದಲ್ಲಿ ಹಾಕ್ತಾರೆ. ಅಣ್ಣಾವ್ರು ತಾವು ಶರೀರ ಮಾತ್ರ, ಪಿ.ಬಿ.ಎಸ್. ತಮ್ಮ ಶಾರೀರ ಅಂತ ಊರೂರಲ್ಲಿ ಹೇಳಿಕೊಂಡು ಬಂದರು. ಅದರಿಂದ ರಾಜಕುಮಾರ್ ಏನು ಕಡಿಮೆಯಾದರಾ? ಅಭಿಮಾನಿಗಳು ಯಾರಾದರೂ ಪಿ.ಬಿ.ಎಸ್. ಹೆಸರು ಹೇಳಿದರೆ ಅಣ್ಣಾವ್ರ ಪಾಲು ಕಮ್ಮಿ ಆಯ್ತು ಅಂತ ಅತ್ತರಾ? ಚಿತ್ರಕಲೆಯ ಪುಸ್ತಕಗಳಿಗೆ ಮಾತ್ರ ಒಬ್ಬನೇ ಹೀರೋ ಇರಬೇಕು. ಮೊದಲ ಪುಟದಿಂದ ಕೊನೇ ಪುಟದ ತನಕ ಅವನೇ ಹೊಡೀಬೇಕು, ಅವನೇ ಹಾಡಬೇಕು. ಈ ಲೇಖಕಿ ಅಷ್ಟು ಕೆಟ್ಟವರಲ್ಲ, ತಮ್ಮನಿಗೆ ಒಂದು ಅಧ್ಯಾಯ ಕೊಟ್ಟಿದ್ದಾರೆ. ಆದರೆ ರಕ್ಷಾಪುಟದ ಮೇಲೆ ಇರೋದು ಅಣ್ಣನ ಮುಖ, ಅಣ್ಣನ ಹೆಸರು. ಕೇಳಿದರೆ, ಪುಸ್ತಕ ಮಾರಾಟ ಆಗಬೇಕಲ್ಲ ಅಂದರು. ಅದೂ ಸರಿ. ಕಟೌಟಿನಲ್ಲಿ ಬರೀ ಮೋಡ ನಿಲ್ಲಿಸಿದರೆ ಯಾರು ಟಿಕೆಟ್ ತಗೋತಾರೆ?

ಅಣ್ಣನಿಗೆ ತಮ್ಮನ ಬೆಲೆ ಗೊತ್ತಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಅದಕ್ಕೇ ಅಷ್ಟು ವರ್ಷ ಜೊತೆಯಲ್ಲಿ ಇಟ್ಟುಕೊಂಡ. ಮೈಸೂರಿನ ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿತ್ತು. ಹೊಸ ಅರಮನೆ ಏಳ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಒಂಬತ್ತು ಪುರಾಣ ಚಿತ್ರ ಬೇಕು ಅಂದರು. ಅಣ್ಣತಮ್ಮಂದಿರು ಸೇರಿ ಒಪ್ಪಿಕೊಂಡ ದೊಡ್ಡ ಕೆಲಸಗಳಲ್ಲಿ ಅದೇ ಕೊನೆಯದು. 1905ರಲ್ಲಿ ತಮ್ಮ ತೀರಿಕೊಂಡ. ನಲವತ್ತೈದು ವರ್ಷ ಕೂಡ ಸರಿಯಾಗಿ ತುಂಬಿರಲಿಲ್ಲ. ಅಣ್ಣನಿಗೆ ಸಕ್ಕರೆ ಕಾಯಿಲೆ ಬೇರೆ. 1906ರ ಅಕ್ಟೋಬರ್ 2ರಂದು ಅಣ್ಣನೂ ಹೋದ. ಈ ಜಾಗ ಹೇಳೋವಾಗ ಲೇಖಕಿ ಸ್ವಲ್ಪ ನಿಧಾನ ಮಾಡಿದರು. ಅಂಗಡಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಸಭೆ ಮುಗೀತು. ಪುಸ್ತಕದ ಬೆಲೆ ನೋಡಿದೆ. ಅದರಲ್ಲಿ ನಮ್ಮ ಮನೆಗೆ ಹದಿನೈದು ದಿನದ ದಿನಸಿ ಬರುತ್ತೆ. ನಿಂತೇ ತಮ್ಮನ ಅಧ್ಯಾಯ ಓದೋಕೆ ಶುರುಮಾಡಿದೆ. ಅಂಗಡಿ ಹುಡುಗ ಒಳ್ಳೆಯವನು, ಸ್ಟೂಲ್ ತಂದುಕೊಟ್ಟ. ಎಂಟು ಗಂಟೆಗೆ ಬಾಗಿಲು ಹಾಕೋ ತನಕ ಹದಿನಾಲ್ಕು ಪುಟ ಆಯ್ತು, ಡಿಕ್ಷನರಿ ಇಲ್ಲದೆ!

ಅಷ್ಟಕ್ಕೇ ಮನಸ್ಸು ತಣೀಲಿಲ್ಲ. ಬಂದ ಭಾನುವಾರ ಮೈಸೂರಿನ ರೈಲು ಹತ್ತಿದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಎಷ್ಟೋ ಸಲ ಹೋಗಿದ್ದೀನಿ, ಈ ಸಲ ಹೋದದ್ದು ಮುಖ ನೋಡೋಕಲ್ಲ. ಸಮುದ್ರರಾಜ ದಾರಿ ಬಿಡಲಿಲ್ಲ ಅಂತ ಶ್ರೀರಾಮ ಬಿಲ್ಲು ಹಿಡಿದು ಸಿಟ್ಟಿನಲ್ಲಿ ನಿಂತ ಚಿತ್ರ ಇದೆಯಲ್ಲ, ಅದರ ಮುಂದೆ ನಿಂತೆ. ಬಂಡೆ ಮೇಲೆ ರಾಮ, ಆಕಾಶದಲ್ಲಿ ಮಿಂಚು, ಅಲೆಯ ನಡುವೆ ವರುಣ ಎದ್ದು ಬರ್ತಿದ್ದಾನೆ. ಜನ ಬಂದರು, ರಾಮನ ಮುಖ ನೋಡಿದರು, ಹೋದರು. ನಾನು ಅಲೆ ನೋಡಿದೆ. ಅಲೆಯ ನೊರೆ ಬರೆಯೋಕೆ ಕುಂಚವನ್ನ ಒದ್ದೆ ಮಾಡಬಾರದು, ಒಣಗಿಸಿಕೊಂಡು ಗೀರಬೇಕು. ಆಕಾಶಕ್ಕೆ ಅದೇ ಕುಂಚ ಆಗೋಲ್ಲ. ಮೈಸೂರಿನ ಆ ಕೆಲಸ ಮುಗಿದದ್ದು ತಮ್ಮ ಹೋದ ಮೇಲೆ. ಹಾಗಾದರೆ ಈ ನೀರು ಅಣ್ಣನೊಬ್ಬನೇ ಬರೆದದ್ದಾ? ಮೊದಲೇ ತಮ್ಮ ಒಂದು ಗೆರೆ ಹಾಕಿಟ್ಟಿದ್ದನಾ? ಇಷ್ಟು ವರ್ಷ ಬದಿಯಲ್ಲಿ ನಿಂತು ನೋಡಿದ್ದು ಅಣ್ಣನ ಕೈಗೂ ಇಳಿದಿತ್ತಾ? ಒಂದು ಗಂಟೆ ನಿಂತೆ. ಕಾವಲಿನವನು ಎರಡು ಸಲ ಬಂದು ಹೋದ. ಮೂರನೇ ಸಲ, ಏನ್ ಸಾರ್ ಕಳೆದುಹೋಗಿದೆಯಾ ಅಂದ.

ಆಚೆ ಬರೋ ದಾರಿಯಲ್ಲಿ ಆ ಕತ್ತಲೆ ಕೋಣೆ. ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈ ಮರೆ ಮಾಡಿಕೊಂಡು ನಿಂತ ಹೆಂಗಸಿನ ಚಿತ್ರ. ಮೈಸೂರಿಗೆ ಹೋದವರೆಲ್ಲ ನೋಡಿರ್ತೀರಿ. ಜನ ಸಾಲುಗಟ್ಟಿ ನಿಂತಿದ್ದರು. ನನ್ನ ಮುಂದೆ ಒಂದು ಜೋಡಿ, ಹೊಸದಾಗಿ ಮದುವೆಯಾದವರು. ಹುಡುಗ ಹೆಂಡತಿಗೆ ಹೇಳ್ತಿದ್ದ, "ನೋಡಿದ್ಯಾ, ರವಿವರ್ಮ ಅಂದ್ರೆ ಸುಮ್ನೇನಾ!"

"ರವಿವರ್ಮ ಅಲ್ಲಪ್ಪ" ಅಂದೆ. "ಹಳದಣಕರ್ ಅಂತ. ಎಸ್.ಎಲ್. ಹಳದಣಕರ್. ಎಣ್ಣೆಬಣ್ಣ ಕೂಡ ಅಲ್ಲ ಇದು, ನೀರುಬಣ್ಣ. ನಿಂತಿರೋಳು ಅವರ ಮಗಳು ಗೀತಾ. 2018ರ ತನಕ ಬದುಕಿದ್ದರು, ನೂರ ಎರಡು ವರ್ಷ."

ಹುಡುಗ ನನ್ನನ್ನ ಮೇಲಿಂದ ಕೆಳಗೆ ನೋಡಿದ. ಆಮೇಲೆ ಗೋಡೆ ಮೇಲಿನ ಚೀಟಿ ನೋಡಿದ. ಆ ಕತ್ತಲಲ್ಲಿ ಓದೋಕೆ ಕಷ್ಟ.

"ಇನ್ನೊಂದು ಸಲ ಹೇಳಿ ಸಾರ್" ಅಂದಳು ಅವನ ಹೆಂಡತಿ, ಫೋನು ಈಚೆ ತೆಗೆದು. "ಹಳ... ಏನಂದ್ರಿ?"

ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಬರ್ಕೊಂಡಳು.